ಬಣವಿ ಸುಟ್ಟ ಜಾಗ

ನಾಗರ ಪಂಚಮಿಯ ಉಂಡಿ ಡಬ್ಬಿಯಲ್ಲಿ ತಳ ಕಾಣುವ ಹೊತ್ತಿಗೆ ಅಪ್ಪಾಸಾಬನ ಮನೆಯಲ್ಲಿ ಶೆಡ್ಡಿನ ಮಾತು ಎದ್ದಿತು. ಎತ್ತಿದವನು ಹಿರಿಯ ಮಗ ಯಲ್ಲಾಲಿಂಗ. ಊಟಕ್ಕೆ ಕೂತವನು ರೊಟ್ಟಿ ಮುರಿದು ಪುಂಡಿಪಲ್ಲೆಗೆ ಹಚ್ಚುತ್ತ, ಹೊರಗೆ ಮಳೆಯಲ್ಲಿ ನೆನೆದು ಕಪ್ಪಾಗಿ ಕೂತಿದ್ದ ಮೇವಿನ ಕಡೆಗೆ ಗದ್ದ ಎತ್ತಿ ತೋರಿಸಿದ.

"ಹೋದ ವರ್ಷ ಅರ್ಧ ಕಣಕಿ ಕೊಳತು ಹೋತು. ದನಾ ಮೂಸಿ ನೋಡಿ ಬಿಟ್ಟು. ಈ ಸಲ ಶೇಂಗಾ ಕೀಳೂದರೊಳಗ ಪತ್ರಾಸ ಶೆಡ್ ಹೊಡಸೂಣಪ್ಪಾ. ಸಾವಳಗಿ ಶಿವಾಜಿಗೆ ಹೇಳೇನಿ, ಬಂದು ಅಳತಿ ತಗೊಂಡು ಹೋಗ್ತಾನ."

ಅಪ್ಪಾಸಾಬ ಮಜ್ಜಿಗೆಯ ಬಟ್ಟಲು ಎತ್ತಿ ಕುಡಿದು, ಮೀಸೆ ಒರೆಸಿಕೊಂಡು, "ತಗಡಿಗೆ ಬೆಂಕಿ ಹತ್ತೂದಿಲ್ಲ, ಹೌದಿಲ್ಲ?" ಎಂದ.

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶೀತಲಳ ಕೈ ನಿಂತಿತು. ನಿಲ್ಲಬಾರದಿತ್ತು. ನಿಂತರೆ ಆ ಮಾತು ತನಗೆ ತಾಗಿತೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅವಳು ಮತ್ತೆ ಬಡಿಯತೊಡಗಿದಳು. ರೊಟ್ಟಿ ಒಂದು ಮಗ್ಗುಲಿಗೆ ಹರಿಯಿತು.

ಶೀತಲ್ ಈ ಮನೆಯ ಕಿರಿಯ ಸೊಸೆ, ಸತ್ತುಹೋದ ಮಾಳುವಿನ ಹೆಂಡತಿ. ಆರು ವರ್ಷದ ಹಿಂದೆ, ಶೇಂಗಾ ಕಿತ್ತ ಹಂಗಾಮಿನಲ್ಲಿ, ದನದ ಕೊಟ್ಟಿಗೆಯ ಮಗ್ಗುಲಲ್ಲಿದ್ದ ಬಣವಿ ಹಾಡಹಗಲೇ ಹೊತ್ತಿಕೊಂಡು ಉರಿದಿತ್ತು. ಹೊಟ್ಟೆಯಲ್ಲಿ ಶೇಂಗಾ ಬಳ್ಳಿ ತುಂಬಿ, ಸುತ್ತ ಜೋಳದ ಕಣಕಿ ಒಟ್ಟಿದ ಬಣವಿ, ಇಡೀ ವರ್ಷದ ಮೇವು. ಅದರೊಡನೆ ಹತ್ತಿರ ಕಟ್ಟಿದ್ದ ಗಬ್ಬದ ಆಕಳೂ ಸುಟ್ಟುಹೋಯಿತು. ಮಾಳು ಬೀಡಿ ಸೇದುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಸಾಲದ್ದಕ್ಕೆ ಅವನನ್ನು ಹೆತ್ತ ಸಿದ್ದಕ್ಕನೇ ಹತ್ತು ಮಂದಿಯ ಮುಂದೆ, "ನಸುಕಿನ್ಯಾಗ ಸಗಣಿ ಬಳ್ಯಾಕ ಹೋದಾಗೆಲ್ಲಾ ಬಣವಿ ಕಡಿಂದ ಬೀಡಿ ವಾಸನಿ ಬಡೀತಿತ್ತರೀ" ಎಂದು ಅತ್ತಳು.

ಮಾಳು ಬೀರೇಶ್ವರನ ಗುಡಿಗೆ ಹೋಗಿ ದೇವರ ಅರಿಶಿನ ಪುಡಿ, ಭಂಡಾರ, ಮುಟ್ಟಿ ಆಣೆ ಮಾಡಿದ. ಬೀಡಿ ಸೇದುವುದು ಖರೆ, ಬಾವಿಯ ಕಡೆ ಸೇದುತ್ತೇನೆ, ಬಣವಿಯ ಹತ್ತಿರ ಒಂದು ದಿನವೂ ಕಡ್ಡಿ ಕೊರೆದಿಲ್ಲ ಎಂದ. ಅಪ್ಪ ನಂಬಲಿಲ್ಲ. "ಈ ಮನಿಯೊಳಗ ಇನ್ನ ನಿನಗ ತಾಟಿಲ್ಲ" ಎಂದ. ಮಾಳು ಮನೆ ಬಿಟ್ಟು ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಹತ್ತಿದ. ಆ ಹಂಗಾಮು ಮುಗಿಯುವುದರೊಳಗೆ ಸಮೀರವಾಡಿ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರ್ ಕಾಲುವೆಗೆ ಉರುಳಿ ಸತ್ತ.

ಭಂಡಾರ ಮುಟ್ಟಿ ಸುಳ್ಳು ಹೇಳಿದವನನ್ನು ದೇವರು ವರ್ಷ ತುಂಬಲು ಬಿಡಲಿಲ್ಲ ಎಂದು ಊರು ಆಡಿಕೊಂಡಿತು. ಮನೆಯೂ ಹಾಗೇ ತಿಳಿಯಿತು. ಮಹಾನವಮಿ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುವಾಗ ಅಪ್ಪಾಸಾಬನ ಅಪ್ಪನಿಗೆ, ಅವ್ವನಿಗೆ, ಮದುವೆಯಾಗದೆ ತೀರಿಕೊಂಡ ದೊಡ್ಡಪ್ಪನಿಗೂ ತಾಟು ಇಡುತ್ತಿದ್ದರು. ಮಾಳುವಿಗೆ ಇಡುತ್ತಿರಲಿಲ್ಲ. ಸುಳ್ಳು ಆಣೆ ಮಾಡಿದವನಿಗೆ ಎಡೆ ಇಟ್ಟರೆ ಮನೆತನಕ್ಕೆ ಆಗಿಬರುವುದಿಲ್ಲವಂತೆ.

ಟ್ರ್ಯಾಕ್ಟರ್ ಹತ್ತುವ ಹಿಂದಿನ ಸಂಜೆ ಮಾಳು ಕಟ್ಟೆಯ ಮೇಲೆ ಕೂತು ಶೀತಲಳನ್ನು ಕೇಳಿದ್ದ: "ನೀನರ ನನ್ನ ನಂಬ್ತಿ ಇಲ್ಲ?" ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. "ಊಟಾ ಮಾಡ್ರಿ, ಆರತೈತಿ" ಎಂದು ತಾಟು ಮುಂದಕ್ಕೆ ಸರಿಸಿದ್ದಳು. ಅವಳಿಗೆ ಆಗ ನಿಜಕ್ಕೂ ಗೊತ್ತಿರಲಿಲ್ಲ. ಈಗಲೂ ಗೊತ್ತಿರಲಿಲ್ಲ.

ಶಿವಾಜಿ ಟೇಪು ಹಿಡಿದುಕೊಂಡು ಬಂದ ದಿನ ಜಾಗದ ಜಗಳ ಶುರುವಾಯಿತು. ಯಲ್ಲಾಲಿಂಗ ಅವನನ್ನು ನೇರ ಬಣವಿ ಸುಟ್ಟ ಜಾಗಕ್ಕೆ ಕರೆದುಕೊಂಡು ಹೋದ. ಅಲ್ಲಿ ಈಗ ಎಲ್ಲ ಕಡೆಯಂತೆ ಹುಲ್ಲು ಬೆಳೆದಿತ್ತು. ಆದರೂ ಯಾರೂ ಅಲ್ಲಿ ದನ ಕಟ್ಟುತ್ತಿರಲಿಲ್ಲ, ಬಟ್ಟೆ ಒಣಹಾಕುತ್ತಿರಲಿಲ್ಲ. ಮಾಳು ಸಾಕಿದ್ದ ಕರಿ ನಾಯಿ ಕಾಳ್ಯಾ ಮಾತ್ರ ಒಮ್ಮೊಮ್ಮೆ ಹೋಗಿ ಮಲಗುತ್ತಿತ್ತು.

"ಅಲ್ಲಿ ಬ್ಯಾಡ," ಸಿದ್ದಕ್ಕ ಕಟ್ಟೆಯಿಂದಲೇ ಕೂಗಿದಳು.

"ಮತ್ತ ಎಲ್ಲಿ ಬೇ? ನಿನ್ನ ತಲಿ ಮ್ಯಾಲೆ ಹೊಡಸ್ಲೇನ?" ಯಲ್ಲಾಲಿಂಗ ತಿರುಗಿ ನಿಂತ. "ಈ ಕಡೆ ಕಬ್ಬು, ಆ ಕಡೆ ಬಾವಿ. ಬಂಡಿ ಬರಾಕ ದಾರಿ ಇರೂದು ಇದೊಂದ ಕಡೆ."

"ಆ ಆಕಳ ಒದರಿದ್ದು ನನಗ ಇನ್ನೂ ಕೇಳತೈತಿ."

"ನಿನಗ ಸೀರಿಯಲ್ ಹಚ್ಚಿದ್ರ ಪಕ್ಕದ ಮನಿಯಾವ್ರು ಕರದ್ದು ಕೇಳೂದಿಲ್ಲ, ಆರು ವರ್ಷದ ಹಿಂದ ಆಕಳ ಒದರಿದ್ದು ಕೇಳತೈತಿ."

ಯಲ್ಲಾಲಿಂಗನ ಹೆಂಡತಿ ಉಮಾಶ್ರೀ ಚಹಾದ ಕಪ್ಪು ತಂದು ಶಿವಾಜಿಯ ಕೈಗೆ ಕೊಟ್ಟಳು. "ನೀವು ಅಳತಿ ತಗೋರಿ ಅಣ್ಣಾರ. ಇವರ ಜಗಳಾ ಮುಗಿಯೂತನಕ ಕುಂತ್ರ ನಿಮ್ಮ ಟೇಪಿಗೆ ತುಕ್ಕ ಹಿಡಿತೈತಿ."

ಶಿವಾಜಿ ನಕ್ಕ. ನಾಲ್ಕು ಮೂಲೆಗೂ ಗೂಟ ಹೊಡೆದ. "ಗ್ವಾಡಿ ಎಷ್ಟ ಎತ್ತರ ಮುಚ್ಚಲ್ರಿ ಕಾಕಾ? ಅರ್ಧಾ ಮುಚ್ಚಿ ಮ್ಯಾಲೆ ಖುಲ್ಲಾ ಬಿಡೂದೋ, ಪೂರಾ ಮುಚ್ಚೂದೋ?"

"ಪೂರಾ," ಎಂದ ಅಪ್ಪಾಸಾಬ. "ನಾಕೂ ಕಡೆ. ನೆಲದಿಂದ ಮಾಡಿನ ಮಟಾ. ಒಂದ ಬಾಗಲಾ. ಬಾಗಲಕ್ಕ ಕೀಲಿ."

ಶೀತಲ್ ದನಕ್ಕೆ ಕಬ್ಬಿನ ಸೋಗೆ ಕತ್ತರಿಸುತ್ತಿದ್ದಳು. ಹೇಳಬೇಕೋ ಬೇಡವೋ ಎಂದು ಎರಡು ಕಟ್ಟು ಕತ್ತರಿಸುವವರೆಗೆ ಯೋಚಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಮಾಡಿನ ಕೆಳಗ ಒಂದ ಗೇಣು ಸಂದಿ ಬಿಡ್ರಲ್ಲ ಮಾವಾರ," ಎಂದಳು. "ಇಲ್ಲಂದ್ರ ಒಳಗ ಹೊಕ್ಕಾವ್ರಿಗೆ ಉಸರ ಕಟ್ಟತೈತಿ."

ಅಪ್ಪಾಸಾಬ ಅವಳ ಕಡೆ ನೋಡಲಿಲ್ಲ. ಶಿವಾಜಿಗೇ ಹೇಳಿದ: "ಸಂದಿ ಬಿಟ್ರ ಒಳಗ ಕುಂತು ಬೀಡಿ ಸೇದಾಕ ಅನುಕೂಲ ಆಗತೈತಿ. ಪೂರಾ ಮುಚ್ಚಪಾ."

ಉಮಾಶ್ರೀ ಖಾಲಿ ಕಪ್ಪು ಎತ್ತಿಕೊಂಡು ಹೋಗುವಾಗ ಶೀತಲಳ ಹತ್ತಿರ ನಿಂತು ಮೆಲ್ಲಗೆ, "ಯಾಕ ಬಾಯಿ ಹಾಕ್ತಿ? ನಿನಗ ಗೊತ್ತಿಲ್ಲೇನ?" ಎಂದಳು. ಬೈಗುಳದಂತಿತ್ತು, ಆದರೆ ಬೈಗುಳವಾಗಿರಲಿಲ್ಲ.

ಆ ರಾತ್ರಿ ಊಟಕ್ಕೆ ಶೀತಲಳ ಮಗಳು ಯಶೋಧರಾ ಎಲ್ಲರ ಮುಂದೆಯೇ ಕೇಳಿದಳು. ಅವಳಿಗೆ ಎಂಟು ವರ್ಷ. "ಮುತ್ಯಾ, ಶೆಡ್ಡಿಗೆ ಕೀಲಿ ಯಾಕ? ನಮ್ಮ ಅಪ್ಪ ಬಂದು ಮತ್ತ ಬೆಂಕಿ ಹಚ್ಚತಾನಂತ?"

ಅಜ್ಜ ಅಪ್ಪಾಸಾಬನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಯಾರ ಹೇಳಿದ್ರು ನಿನಗ?"

"ಸಾಲ್ಯಾಗ ಅಂತಾರ. ಬಣವಿ ಸುಟ್ಟಾವನ ಮಗಳು ಅಂತ ಕರೀತಾರ."

ಸಿದ್ದಕ್ಕ ಮೊಮ್ಮಗಳ ತಾಟಿಗೆ ಮೊಸರು ಹಾಕಿದಳು. ಸಾಕು ಎಂದರೂ ಇನ್ನೊಂದು ಸೌಟು ಹಾಕಿದಳು.

ಗಣೇಶ ಚವತಿಯ ಮರುದಿನ ಶೆಡ್ಡು ಎದ್ದು ನಿಂತಿತು. ಹೊಸ ತಗಡು ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡಿ ಹೋಗುತ್ತಿದ್ದರು. ಅಪ್ಪಾಸಾಬ ಬಾಗಿಲಿನ ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡ. ಬೇಸಿಗೆಯ ಕಣಕಿಯಲ್ಲಿ ಚೆನ್ನಾಗಿ ಉಳಿದದ್ದನ್ನು ಆರಿಸಿ ಒಳಗೆ ಸುತ್ತಲೂ ಗೋಡೆಗೆ ಒರಗಿಸಿ ನಿಲ್ಲಿಸಿದರು. ನಡುವೆ ಶೇಂಗಾ ಬಳ್ಳಿಗೆ ಜಾಗ ಬಿಟ್ಟರು.

ಶೇಂಗಾ ಕಿತ್ತು ಕಾಯಿ ಬಿಡಿಸಿದ ವಾರವೆಲ್ಲ ಮೋಡವೇ. ಬಳ್ಳಿಯನ್ನು ಹೊಲದಲ್ಲಿ ಹರವಿದ್ದರು. ಒಂದು ಮಗ್ಗುಲು ಒಣಗಿದರೆ ಇನ್ನೊಂದು ಮಗ್ಗುಲು ಹಸಿ. ರವಿವಾರ ಮಧ್ಯಾಹ್ನ ಯಲ್ಲಾಲಿಂಗ ಮೊಬೈಲು ನೋಡಿ, ಸೋಮವಾರ ಜೋರು ಮಳೆ ಎಂದ. ಸೋಮವಾರ ಆ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ. ಅಪ್ಪಾಸಾಬನ ಅಪ್ಪನ ಕಾಲದಿಂದ ಇಟ್ಟಿಲ್ಲ.

"ಇವತ್ತ ಹೂಡೂಣು," ಎಂದ ಅಪ್ಪಾಸಾಬ. "ಕತ್ತಲಾಗೂದರಾಗ ಎಲ್ಲಾ ಒಳಗ ಹೋಗ್ಬೇಕು."

ಶೀತಲ್ ಒಂದು ಹಿಡಿ ಬಳ್ಳಿ ಎತ್ತಿ ಹಿಂಡಿದಳು. ಅಂಗೈ ಒದ್ದೆಯಾಯಿತು. "ಇನ್ನಾ ಹಸಿ ಐತ್ರಿ ಮಾವಾರ."

"ಹಸಿ ಇದ್ರ ಏನಾತು? ತಗಡು ಕಾಯ್ತೈತಿ. ಒಳಗ ಇಟ್ರ ಎರಡ ದಿನದಾಗ ಹಪ್ಪಳ ಆಗತೈತಿ."

"ಹೌದ, ಅದಕ್ಕ ತಗಡ ಹೊಡಸಿದ್ದು," ಎಂದ ಯಲ್ಲಾಲಿಂಗ.

ಹೌದೇನೋ ಎಂದುಕೊಂಡಳು ಶೀತಲ್. ತನಗೇನು ಗೊತ್ತು? ಆದರೆ ಆ ಮಾತು, ಇನ್ನಾ ಹಸಿ ಐತಿ ಎಂಬ ಮಾತು, ಬಾಯಿಂದ ಬಿದ್ದಮೇಲೆ ಅವಳಿಗೆ ಎಲ್ಲೋ ಕೇಳಿದಂತಾಯಿತು. ಬಂಡಿಯ ಮೇಲೆ ನಿಂತು ಬಳ್ಳಿ ಇಸಿದುಕೊಳ್ಳುವಾಗಲೂ ಆ ಮಾತು ಕಿವಿಯಲ್ಲಿ ತಿರುಗುತ್ತಿತ್ತು. ಯಾರ ದನಿ ಎಂದು ಹೊಳೆಯಲಿಲ್ಲ.

ಕತ್ತಲಾಗುವುದರೊಳಗೆ ಶೆಡ್ಡು ತುಂಬಿತು. ಯಲ್ಲಾಲಿಂಗ ಮೇಲೆ ಹತ್ತಿ ಬಳ್ಳಿಯನ್ನು ತುಳಿದು ತುಳಿದು ಗಟ್ಟಿ ಮಾಡಿದ. ಅಪ್ಪಾಸಾಬ ಒಂದು ಚಿಟಿಕೆ ಭಂಡಾರ ಒಳಗೆ ತೂರಿ, ಬಾಗಿಲು ಎಳೆದು, ಕೀಲಿ ಜಡಿದ. ಸೋಮವಾರ ಮಳೆ ಹೊಡೆಯಿತು. ತಗಡಿನ ಮೇಲೆ ಅದರ ಸದ್ದು ಕೇಳುತ್ತ ಎಲ್ಲರೂ ಮಿರ್ಚಿ ಭಜಿ ತಿಂದರು. ಬಹಳ ದಿನಗಳ ಮೇಲೆ ಅಪ್ಪಾಸಾಬ ನಕ್ಕ.

ವಾರ ಕಳೆದಿರಲಿಲ್ಲ, ನಸುಕಿನಲ್ಲಿ ಸಗಣಿ ಬಳಿಯಲು ಹೋದ ಸಿದ್ದಕ್ಕ ಬುಟ್ಟಿಯನ್ನು ಅಲ್ಲೇ ಚೆಲ್ಲಿ ಓಡಿಬಂದಳು. ಕಟ್ಟೆಯ ಮೇಲೆ ಕುಸಿದು ಕೂತು ಎದೆಗೆ ಕೈ ಇಟ್ಟುಕೊಂಡಳು.

"ಬಂದಾನ."

"ಯಾರ ಬೇ?" ಹಲ್ಲುಜ್ಜುತ್ತಿದ್ದ ಯಲ್ಲಾಲಿಂಗ ಕೇಳಿದ.

"ಬೀಡಿ ವಾಸನಿ. ಶೆಡ್ಡಿನ ಒಳಗಿಂದ. ಆಗ ಬರತಿತ್ತಲ್ಲ, ಅದ... ಅದ ವಾಸನಿ."

ಒಬ್ಬೊಬ್ಬರಾಗಿ ಹೋಗಿ ನೋಡಿದರು. ಬಾಗಿಲ ಸಂದಿಗೆ ಮೂಗು ಇಟ್ಟರೆ ನಿಜವಾಗಿಯೂ ತಂಬಾಕಿನಂಥದೇನೋ, ಸಿಹಿಸಿಹಿ, ಬೆಲ್ಲ ಸೀದಂಥ ವಾಸನೆ. ಕೀಲಿ ಹಾಕಿದಂತೆಯೇ ಇತ್ತು. ಕೀಲಿಕೈ ಅಪ್ಪಾಸಾಬನ ನಡುವಿನಲ್ಲಿತ್ತು. ಒಳಗೆ ಹೋಗಲು ಇಲಿಗೂ ದಾರಿಯಿರಲಿಲ್ಲ. ಕಾಳ್ಯಾ ಶೆಡ್ಡಿನ ಗೋಡೆಗೆ ಬೆನ್ನು ಹಚ್ಚಿ ಮಲಗಿತ್ತು. ಎಬ್ಬಿಸಿದರೆ ಏಳಲಿಲ್ಲ, ಬಾಲ ಮಾತ್ರ ಆಡಿಸಿತು.

"ನಾಯಿಗೆ ಗೊತ್ತಾಗೈತಿ," ಎಂದಳು ಉಮಾಶ್ರೀ. "ಸಾಕಿದಾವನ ಮಗ್ಗಲಾಗ ಮಲಗೇತಿ."

ಅಂದಿನಿಂದ ಮನೆ ಬೇರೆಯೇ ಆಯಿತು. ಉಮಾಶ್ರೀ ಒಬ್ಬಳೇ ಕೊಟ್ಟಿಗೆಗೆ ಹೋಗುವುದನ್ನು ಬಿಟ್ಟಳು. ಹಾಲು ಹಿಂಡಲು ಯಲ್ಲಾಲಿಂಗನೇ ಹೋದ, ಅವನೂ ಆ ಕಡೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಅಪ್ಪಾಸಾಬ ಶೆಡ್ಡಿನ ಸುತ್ತ ಭಂಡಾರ ಎರಚಿದ, ಬಾಗಿಲಿಗೆ ತೆಂಗಿನಕಾಯಿ ಕಟ್ಟಿದ. ವಾಸನೆ ಹೋಗಲಿಲ್ಲ, ದಿನದಿಂದ ದಿನಕ್ಕೆ ಜೋರಾಯಿತು. ಊಟಕ್ಕೆ ಕೂತರೆ ಯಾರೂ ಎರಡನೇ ರೊಟ್ಟಿ ಕೇಳುತ್ತಿರಲಿಲ್ಲ.

"ಗುಡಿಗೆ ಹೋಗಿ ಕೇಳಿಸಿಕೊಂಡು ಬರೂಣು," ಎಂದಳು ಸಿದ್ದಕ್ಕ. "ಏನ ಬೇಕಾಗೇತಿ ಅವಗ ಅಂತ."

"ಏನ ಬೇಕ? ಇದ್ದಾಗ ಸುಟ್ಟಾ, ಸತ್ತೂ ಸುಡಾಕ ಬಂದಾನ," ಎಂದ ಅಪ್ಪಾಸಾಬ. ಹೆಸರು ಹೇಳಲಿಲ್ಲ. ಆರು ವರ್ಷದಿಂದ ಹೇಳಿರಲಿಲ್ಲ.

"ಅಮಾಸಿ ಆಗಲಿ. ಹಿರ್ಯಾರ ಎಡಿ ಮುಗಿದ ಮ್ಯಾಲೆ ಪೂಜಾರಿನ್ನ ಕರಿಸಿ ಗೂಟಾ ಹೊಡಸಿಬಿಡ್ತೇನಿ," ಎಂದ ಆಮೇಲೆ. "ಈ ಹೊಲದ ಕಡೆ ಮತ್ತ ಸುಳೀಬಾರದು."

ಶೀತಲಳಿಗೆ ಆ ಮಾತು ಎದೆಗೆ ನಾಟಿತು. ಸತ್ತ ಗಂಡನಿಗೆ ಒಂದು ತಾಟು ಇರಲಿಲ್ಲ, ಸರಿ. ಈಗ ಗೂಟ ಹೊಡೆದು ಅಟ್ಟುತ್ತಾರೆ. ಮಗಳು ದೊಡ್ಡವಳಾಗುತ್ತಾಳೆ, ಅವಳ ಮದುವೆಯ ಮಾತಿನಲ್ಲೂ ಇದೇ ಬರುತ್ತದೆ. ಅವಳು ಬಂಡೆಯ ಮೇಲೆ ಬಟ್ಟೆ ಒಗೆಯುತ್ತ, ಬೇಡ ಎನ್ನಬೇಕು ಎಂದುಕೊಂಡಳು. ಏನೆಂದು ಬೇಡ ಎನ್ನುವುದು? ಅವನು ಸುಟ್ಟಿಲ್ಲ ಎಂದೇ? ಅವಳೇ ಒಂದು ದಿನವೂ ಹಾಗೆ ಹೇಳಿರಲಿಲ್ಲ.

ಎಲ್ಲರಿಗೂ ಹೆದರಿಕೆ, ಅವಳಿಗೆ ಮಾತ್ರ ಇನ್ನೇನೋ. ಒಂದು ನಸುಕಿನಲ್ಲಿ, ಅತ್ತೆ ಏಳುವ ಮೊದಲೇ, ಅವಳು ಶೆಡ್ಡಿನ ಹತ್ತಿರ ಹೋದಳು. ಇಬ್ಬನಿ ಬಿದ್ದಿತ್ತು. ಬಾಗಿಲ ತಗಡು ಬೆವೆತಂತೆ ತೊಟ್ಟಿಕ್ಕುತ್ತಿತ್ತು. ಕಾಳ್ಯಾ ಮಲಗಿದ್ದ ಕಡೆಗೆ ಹೋಗಿ, ನಾಯಿಯ ಪಕ್ಕ ಕೂತು, ಅವಳು ತಗಡಿಗೆ ಅಂಗೈ ಇಟ್ಟಳು.

ಬೆಚ್ಚಗಿತ್ತು.

ಕೈ ಹಿಂದಕ್ಕೆ ಎಳೆಯಲಿಲ್ಲ. ಮಲಗಿದವನ ಬೆನ್ನ ಮೇಲೆ ಕೈ ಇಟ್ಟಂತಿತ್ತು. "ಬಂದೀರೇನ್ರಿ?" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ. ಹಾಗೇ ಎಷ್ಟೋ ಹೊತ್ತು ಕೂತಿದ್ದಳು. ಆಕಾಶ ಬೆಳ್ಳಗಾಯಿತು. ಬೆಳಕಿನಲ್ಲಿ ನೋಡಿದರೆ ಬಾಗಿಲ ಕಡೆಯ ತಗಡಿಗೆಲ್ಲ ಇಬ್ಬನಿ ಇತ್ತು, ಇಲ್ಲಿ ಒಂದು ಹನಿಯೂ ಇರಲಿಲ್ಲ. ಒಲೆಯ ಮೇಲಿನ ಹಂಚಿನಂತೆ ಒಣಗಿತ್ತು. ನಾಯಿ ಮಲಗುವುದು ಚಳಿಗೆ. ಬೆಚ್ಚಗಿರುವಲ್ಲಿ ಯಾವ ನಾಯಿಯೂ ಮಲಗುತ್ತದೆ.

ಶೀತಲ್ ಎದ್ದು ನಿಂತಳು. ಸೂರ್ಯ ಇನ್ನೂ ಹುಟ್ಟಿಲ್ಲ. ತಗಡು ಕಾಯುವುದು ಬಿಸಿಲಿಗಲ್ಲವೇ?

ಆಗ ಹೊಳೆಯಿತು ಆ ದನಿ. ಅವತ್ತೂ ರವಿವಾರ. ಅವತ್ತೂ ಮೋಡ ಕಟ್ಟಿತ್ತು. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಲಕ್ಕೆ ಬುತ್ತಿ ಒಯ್ದಾಗ ಮಾಳು ಬಂಡಿಯ ಮುಂದೆ ನಿಂತು ಅಪ್ಪನಿಗೆ ಹೇಳುತ್ತಿದ್ದ: "ಇನ್ನಾ ಹಸಿ ಐತಪ್ಪಾ. ಸೋಮಾರ ಬಿಟ್ಟು ಮಂಗಳಾರ ಹೇರೂಣು." ಅಪ್ಪ ಬಾರಕೋಲು ಎತ್ತಿ, "ನಿನಗ ಮೈಗಳ್ಳತನ" ಎಂದಿದ್ದ.

ಅವಳು ಕಟ್ಟೆಗೆ ಓಡಿ ಬಂದಾಗ ಅಪ್ಪಾಸಾಬ ಮುಖ ತೊಳೆಯುತ್ತಿದ್ದ.

"ಕೀಲಿ ಕೊಡ್ರಿ ಮಾವಾರ."

"ಯಾಕ?"

"ಹಸಿ ಬಳ್ಳಿ ಒಳಗೊಳಗ ಕಾಯಾಕತ್ತೇತಿ. ತಗಡ ಬೆಚ್ಚಗಾಗೇತಿ. ಬಳ್ಳಿ ಹೊರಗ ತಗೀಬೇಕು."

"ಹುಚ್ಚ ಹಿಡದೈತೇನ ನಿನಗ? ಪೂಜಾರಿ ಬರೂತನಕ ಆ ಬಾಗಲಾ ತಗಿಯೂದಿಲ್ಲ."

"ಪೂಜಾರಿ ಬರೂತನಕ ಅದು ಇರೂದಿಲ್ರಿ."

"ಒಳಗ ಹೋಗು."

ಈ ಮನೆಗೆ ಬಂದಾಗಿನಿಂದ ಶೀತಲ್ ಮಾವನ ಮುಂದೆ ತಲೆ ಎತ್ತಿ ನಿಂತವಳಲ್ಲ. ತಪ್ಪಾಗಿದ್ದರೆ? ಬಾಗಿಲು ತೆಗೆದಾಗ ಒಳಗೆ ಏನೂ ಇಲ್ಲದಿದ್ದರೆ? ಆದರೂ ಮೂಲೆಯಲ್ಲಿದ್ದ ಕೊಡಲಿಗೆ ಕೈ ಹಾಕಿದಳು.

"ಕೊಡ್ದಿದ್ರ ಬ್ಯಾಡ್ರಿ. ನಾ ತಗಡ ಒಡೀತೇನಿ."

"ಏ, ಏ! ಯಲ್ಲಾಲಿಂಗಾ, ಹಿಡಿಯೋ ಇಕಿನ್ನ!"

ಯಲ್ಲಾಲಿಂಗ ಹಿಡಿಯಲಿಲ್ಲ. ಶೆಡ್ಡಿಗೆ ಹೋಗಿ ತಗಡು ಮುಟ್ಟಿ ನೋಡಿದ. ಇನ್ನೊಂದು ಕಡೆ ಮುಟ್ಟಿದ. ತಿರುಗಿ ಬಂದು ಅಪ್ಪನ ಮುಂದೆ ಕೈ ಚಾಚಿದ. "ಕೀಲಿ ಕೊಡಪ್ಪಾ."

ಬಾಗಿಲು ತೆಗೆದೊಡನೆ ಬಿಸಿ ಹಬೆ ಮುಖಕ್ಕೆ ಬಡಿಯಿತು. ಎಲ್ಲರೂ ಕೆಮ್ಮಿದರು. ಯಲ್ಲಾಲಿಂಗ ಕೊಕ್ಕೆ ಹಾಕಿ ಮುಂದಿನ ಕಣಕಿ ಎಳೆದು ಚೆಲ್ಲಿದ. ಹಿಂದೆ ಬಳ್ಳಿ. ಮೇಲಿನದು ಹಸಿರು, ಅದರ ಕೆಳಗಿನದು ಕಂದು. ಶೀತಲ್ ಅದರೊಳಗೆ ಮೊಣಕೈವರೆಗೆ ಕೈ ತೂರಿದಳು, ಚೀರಿ ಹೊರಗೆಳೆದಳು. ಬೆರಳುಗಳು ಕೆಂಪಾಗಿದ್ದವು.

"ನೀರ ತರ್ರಿ! ನೀರ!"

ಕರೆಂಟು ಇರಲಿಲ್ಲ; ಮೋಟಾರು ಹಚ್ಚುವಂತಿರಲಿಲ್ಲ. ಉಮಾಶ್ರೀ ದನದ ತೊಟ್ಟಿಯಿಂದ ಕೊಡ ತುಂಬಿ ತುಂಬಿ ಕೊಟ್ಟಳು, ಯಶೋಧರಾ ಚರಿಗೆ ಹಿಡಿದು ಓಡಾಡಿದಳು. ಯಲ್ಲಾಲಿಂಗ ನಡುವಿನ ಬಳ್ಳಿಯನ್ನು ಎಳೆದ. ಅದು ಇದ್ದಿಲಿನಂತೆ ಕಪ್ಪಾಗಿತ್ತು. ಹೊರಗೆ ಬಿದ್ದು ಗಾಳಿ ತಾಗಿದ್ದೇ ತಡ, ಅದರೊಳಗೆ ಒಂದು ಕೆಂಪು ಕಿಡಿ ಕಣ್ಣು ಬಿಟ್ಟಿತು. ಆಮೇಲೆ ಎಲ್ಲರ ಕಣ್ಣ ಮುಂದೆ, ಬೆಳ್ಳಂಬೆಳಗ್ಗೆಯೇ, ಭಗ್ಗನೆ ಹತ್ತಿತು.

ಯಾರೂ ಕಡ್ಡಿ ಕೊರೆದಿರಲಿಲ್ಲ. ಮನೆಯ ಅಷ್ಟೂ ಮಂದಿ ಅಲ್ಲೇ ನಿಂತಿದ್ದರು.

ಉಮಾಶ್ರೀ ಕೊಡದ ನೀರು ಸುರಿದಳು. ಚುಂಯ್ ಎಂದು ಬೆಂಕಿ ಆರಿತು, ಬೇರೆ ಕಡೆ ಹತ್ತಿತು, ಅದನ್ನೂ ಆರಿಸಿದರು. ಬಿಸಿಲು ಏರುವ ಹೊತ್ತಿಗೆ ಶೆಡ್ಡು ಖಾಲಿಯಾಗಿ, ಅಂಗಳದ ತುಂಬ ಹೊಗೆಯಾಡುವ ಬಳ್ಳಿ ಹರವಿತ್ತು. ಅಪ್ಪಾಸಾಬ ಒಂದು ಕೊಡವನ್ನೂ ಎತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಲ್ಲೇ ನಿಂತಿದ್ದ. ಎಲ್ಲ ಮುಗಿದ ಮೇಲೆ ಬಗ್ಗಿ ಒಂದು ಹಿಡಿ ಕಪ್ಪು ಬಳ್ಳಿ ತೆಗೆದುಕೊಂಡ. ಹಿಡಿದರೆ ಪುಡಿಯಾಯಿತು.

"ಅವತ್ತೂ ರವಿವಾರ ಇತ್ತರೀ ಮಾವಾರ," ಎಂದಳು ಶೀತಲ್. ಸುಟ್ಟ ಬೆರಳಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ದನಿ ಎತ್ತಿರಲಿಲ್ಲ. "ಹಸಿ ಐತಿ ಅಂತ ಅವರು ಅಂದಿದ್ರು."

"ಇದು ಈಗ ಆತು," ಎಂದ ಅಪ್ಪಾಸಾಬ. "ಅವತ್ತೂ ಹಿಂಗ ಆಗಿತ್ತು ಅಂತ ಹ್ಯಾಂಗ ಹೇಳೂದು?"

"ಅಪ್ಪಾ," ಎಂದ ಯಲ್ಲಾಲಿಂಗ, "ಸಾಕ ಮಾಡು."

"ವಾಸನಿ?" ಸಿದ್ದಕ್ಕ ನಡುವೆ ಬಂದಳು. "ಅವತ್ತ ಬೀಡಿ ವಾಸನಿ ನನ್ನ ಮೂಗಿಗೆ ಬಡದದ್ದು ಸುಳ್ಳೇನ?"

"ಈ ಬಳ್ಳೀದ ವಾಸನಿ ಅತ್ತಿ. ಈಗ ಬಂತಲ್ಲ, ಇದ," ಎಂದಳು ಶೀತಲ್.

"ಅಲ್ಲ. ಅದು ಬೀಡಿನ. ಈಗ ಬಂದದ್ದೂ ಬೀಡಿನ. ಹೆತ್ತಾಕಿಗೆ ಗೊತ್ತಿಲ್ಲೇನ?" ಸಿದ್ದಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಆ ವಾಸನೆ ಬೀಡಿಯದಲ್ಲವೆಂದಾದರೆ ಹತ್ತು ಮಂದಿಯ ಮುಂದೆ ಅವಳು ಆಡಿದ ಮಾತು ಏನಾಗುತ್ತದೆ ಎಂದು ಶೀತಲಳಿಗೆ ಕಂಡಿತು. ಅವಳು ಮತ್ತೆ ಬೆರಳಿಗೆ ಬೆಣ್ಣೆ ಹಚ್ಚಿಕೊಂಡಳು.

ಮುಂದಿನ ದಿನಗಳಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಪೂಜಾರಿಯನ್ನು ಕರೆಸುವ ಸುದ್ದಿಯೂ ನಿಂತಿತು. ಯಲ್ಲಾಲಿಂಗ ಶಿವಾಜಿಗೆ ಫೋನು ಮಾಡಿ ಮಾಡಿನ ಕೆಳಗಿನ ತಗಡು ಸುತ್ತಲೂ ಕತ್ತರಿಸಲು ಹೇಳಿದ. "ಒಂದ ಗೇಣಲ್ಲ, ಒಂದ ಮೊಳಾ ಬಿಡು," ಎಂದ. ಅಪ್ಪಾಸಾಬ ಕೇಳಿಸಿಕೊಂಡೂ ಕೇಳದವನಂತೆ ಕೂತಿದ್ದ. ಕಪ್ಪು ಬಳ್ಳಿಯ ಹಿಡಿಯನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಗೋಡೆಯಲ್ಲಿದ್ದ ಮಾಡದ ಗೂಡಿನಲ್ಲಿ ಇಟ್ಟಿದ್ದ. ಕೀಲಿಕೈ ಈಗ ಉಡದಾರದಲ್ಲಿ ಇರಲಿಲ್ಲ. ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ಇಬ್ಬರೂ ಸೊಸೆಯರು ಹೋಳಿಗೆ ಮಾಡಿದರು. ಉಮಾಶ್ರೀ ಬೇಯಿಸಿದಳು, ಕೈ ಇನ್ನೂ ಮಾಯದ ಶೀತಲ್ ಹೂರಣ ತುಂಬಿ ಕೊಟ್ಟಳು. ವಡೆ, ಅನ್ನ, ಕಟ್ಟಿನ ಸಾರು ಆಯಿತು. ಸಿದ್ದಕ್ಕ ಗೋಡೆಯ ಮುಂದೆ ನೆಲ ಸಾರಿಸಿದಳು. ಶೀತಲ್ ತಾಟುಗಳನ್ನು ತೊಳೆದು ತಂದಳು. ಪ್ರತಿ ವರ್ಷ ತರುವಷ್ಟೇ ತಂದಳು. ಆಮೇಲೆ ಅಲ್ಲೇ ನಿಂತಳು.

"ಮಾವಾರ, ಎಡಿ ಎಷ್ಟ ಹಿಡೀಲ್ರಿ?"

ಒಲೆಯ ಮುಂದೆ ಉಮಾಶ್ರೀಯ ಲಟ್ಟಣಿಗೆ ನಿಂತಿತು. ಅಪ್ಪಾಸಾಬ ಕಂಬಕ್ಕೆ ಒರಗಿ ಕೂತಿದ್ದ. ಎದ್ದ. ಟವೆಲ್ಲು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಹೊಸ್ತಿಲು ದಾಟಿದ. ದಾಟಿದವನು ನಿಂತ. ಬೆನ್ನು ಮಾಡಿಯೇ ಕೇಳಿದ:

"ಮಾಳ್ಯಾ ಯಾವ ಬೀಡಿ ಸೇದತಿದ್ದ ಯವ್ವಾ?"

ಶೀತಲ್ ಕೈಯ ತಾಟು ಕೆಳಗಿಟ್ಟಳು. "ಕೆಂಪ ದಾರ ಕಟ್ಟಿದ್ದು ಇರತೈತಲ್ರಿ," ಎಂದಳು. "ಅದ."

ಅವನು ಬೀಡಿಯ ಕಟ್ಟು ಹಿಡಿದು ಬರುವ ಹೊತ್ತಿಗೆ ಇನ್ನೊಂದು ತಾಟು ಬಂದಿತ್ತು. ತಂದವಳು ಉಮಾಶ್ರೀ. ಹಿರಿಯರ ಸಾಲಿನ ಕೊನೆಗೆ ಅದನ್ನಿಟ್ಟು, ಹೋಳಿಗೆಯ ಮೇಲೆ ಉಳಿದವರಿಗಿಂತ ತುಸು ಹೆಚ್ಚೇ ತುಪ್ಪ ಹಾಕಿದ್ದಳು. ಯಶೋಧರಾ, "ಇದು ನಮ್ಮಪ್ಪಂದಾ?" ಎಂದಳು. "ಹೂಂ" ಎಂದ ಯಲ್ಲಾಲಿಂಗ.

ಅಪ್ಪಾಸಾಬ ಆ ತಾಟಿನ ಮುಂದೆ ಕೂತು ಕಟ್ಟು ಬಿಚ್ಚಿದ. ಒಂದು ಬೀಡಿ ತೆಗೆದು ಕಡ್ಡಿ ಕೊರೆದು ತುದಿಗೆ ಹಿಡಿದ. ತುದಿ ಕಪ್ಪಾಯಿತು, ಹೊತ್ತಲಿಲ್ಲ. ಇನ್ನೊಂದು ಕಡ್ಡಿ ಕೊರೆದ. ಜೀವಮಾನದಲ್ಲಿ ಬೀಡಿ ಮುಟ್ಟಿದವನಲ್ಲ.

"ಬಾಯಾಗ ಇಟ್ಟು ಜಗ್ಗಬೇಕಪ್ಪಾ," ಎಂದ ಯಲ್ಲಾಲಿಂಗ. "ಹಂಗ ಹತ್ತೂದಿಲ್ಲ."

ಅಪ್ಪಾಸಾಬ ಬೀಡಿಯನ್ನು ತುಟಿಗಿಟ್ಟ. ಜಗ್ಗಿದ. ಹೊಗೆ ಗಂಟಲಿಗೆ ಹತ್ತಿ ಕಣ್ಣಲ್ಲಿ ನೀರು ಬರುವಂತೆ ಕೆಮ್ಮಿದ. ಹೊತ್ತಿದ ಬೀಡಿಯನ್ನು ತಾಟಿನ ಅಂಚಿಗೆ ಇಟ್ಟ. ಆರು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಬೀಡಿಯ ಹೊಗೆ ಎದ್ದಿತು.

ಸಿದ್ದಕ್ಕ ಊದಿನಕಡ್ಡಿ ಹಚ್ಚುತ್ತಿದ್ದವಳು ತಲೆ ಎತ್ತಿದಳು. ಗಾಳಿಯನ್ನು ಮೂಸಿದಳು. ಎದ್ದು ಬಂದು ತಾಟಿನ ಮೇಲೆ ಬಗ್ಗಿ, ಹೊಗೆಗೆ ಮುಖ ಕೊಟ್ಟು, ಮತ್ತೆ ಮೂಸಿದಳು. ಆಮೇಲೆ ಗೋಡೆಯ ಮಾಡಕ್ಕೆ ಹೋಗಿ, ಗಂಡ ಕಟ್ಟಿಟ್ಟಿದ್ದ ಬಟ್ಟೆಯ ಗಂಟನ್ನು ಮೂಗಿಗೆ ಹಿಡಿದಳು. ಹಿಡಿದುಕೊಂಡೇ ನಿಂತಳು.

"ಏನ ಬೇ?" ಎಂದ ಯಲ್ಲಾಲಿಂಗ.

ಅವಳ ದನಿ ಎಲ್ಲಿಂದಲೋ ಬಂದಂತಿತ್ತು. "ಅವತ್ತಿನ ವಾಸನಿ ಬೀಡಿದಲ್ಲೋ. ಈ ಬಳ್ಳೀದು."

ಯಾರೂ ಅಳಲಿಲ್ಲ. ತಾಟಿನ ಅಂಚಿನಲ್ಲಿ ಬೀಡಿ ತಾನೇ ಆರಿತು. ಅಪ್ಪಾಸಾಬ ಅದನ್ನು ಮತ್ತೆ ತುಟಿಗಿಟ್ಟು, ಜಗ್ಗಿ, ಕೆಮ್ಮಿ, ಹೊತ್ತಿಸಿ ಇಟ್ಟ. ಅದು ಮತ್ತೆ ಆರಿತು. ಅವನು ಮತ್ತೆ ಹೊತ್ತಿಸಿದ. ಬೇಡವೆನ್ನಲು ಯಾರೂ ಮುಂದೆ ಬರಲಿಲ್ಲ.

ಶೀತಲ್ ತಾಟಿನ ಪಕ್ಕ ನೀರಿನ ಚರಿಗೆ ಇಟ್ಟು ಕೂತಳು. ನಂಬ್ತಿ ಇಲ್ಲ ಎಂದು ಮಾಳು ಕಟ್ಟೆಯ ಮೇಲೆ ಕೂತು ಕೇಳಿದ್ದಕ್ಕೆ ಉತ್ತರ ಈಗ ಅವಳ ಬಾಯಲ್ಲಿತ್ತು. ಕೇಳಿದವನು ಇರಲಿಲ್ಲ. ಕೆಮ್ಮುತ್ತಿದ್ದ ಮಾವ, ಗಂಟು ಹಿಡಿದು ನಿಂತ ಅತ್ತೆ, ತುಪ್ಪದ ಮೇಲೆ ಹರಿದಾಡುವ ಹೊಗೆ. ಅವಳು ತಾಟನ್ನು ಒಂದಿಷ್ಟು ಮುಂದಕ್ಕೆ ಸರಿಸಿದಳು.

"ಊಟಾ ಮಾಡ್ರಿ," ಎಂದಳು, "ಆರತೈತಿ."